ಜರ್ಮನ್ ಕಾರು ಅಂದ್ರೆ ಪೂರ್ತಿ ಜರ್ಮನಿಯದ್ದಾ? ಸ್ಪೋರ್ಟ್ಸ್ ಕಾರಿನ ಪಾರ್ಟ್ಸ್ ಮತ್ತು ಡೀಲರ್ ಕೊಡುವ ಲೋನರ್ ಕಾರಿನ ಒಳಗುಟ್ಟು

ನ್ಯೂಜೆರ್ಸಿಯಲ್ಲಿರುವ ಗೆಳೆಯನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಬಹಳ ವರ್ಷದ ಆಸೆ ಅಂತ ಕಳೆದ ವರ್ಷ ಒಂದು ಜರ್ಮನ್ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಎಂಜಿನ್ ತಣ್ಣಗಿಡುವ ಕೂಲಂಟ್ ಸೋರುತ್ತಿದೆ ಅಂತ ಡೀಲರ್ ಹತ್ತಿರ ಬಿಟ್ಟು ಬಂದ. ವಾಟರ್ ಪಂಪ್ ಬದಲಿಸಬೇಕು, ಪಾರ್ಟ್ ಇಲ್ಲಿಲ್ಲ, ಹೊರಗಿನಿಂದ ಬರಬೇಕು ಅಂದರು. ಅಲ್ಲಿಯವರೆಗೆ ಓಡಿಸಿಕೊಳ್ಳಿ ಅಂತ ಒಂದು ಎಸ್‌ಯುವಿ ಕೊಟ್ಟು ಕಳಿಸಿದರು. ಅದಕ್ಕೇ ಅಲ್ಲಿ ಲೋನರ್ ಅನ್ನುತ್ತಾರೆ. ಮೂರು ವಾರ ಕಳೆಯಿತು. ಕೊನೆಗೂ ಪಂಪ್ ಬಂದಾಗ ಡಬ್ಬದ ಮೇಲೆ ದೊಡ್ಡದಾಗಿ ಕಾರು ಕಂಪನಿಯ ಲೋಗೋ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಹಂಗೇರಿ'.

ಅವನಿಗೆ ಎರಡು ಪ್ರಶ್ನೆ. "ಜರ್ಮನ್ ಕಾರು ಅಂತ ಅಷ್ಟು ದುಡ್ಡು ಕೊಟ್ಟೆ. ಪಂಪ್ ಹಂಗೇರಿಯದ್ದು ಯಾಕೆ? ಮೋಸ ಏನಾದ್ರೂ ಇದೆಯಾ?" ಇದು ಒಂದು. ಇನ್ನೊಂದು, "ಈ ಲೋನರ್‌ಗೆ ಏನಾದ್ರೂ ಆದ್ರೆ ಯಾರು ಕಟ್ಟಬೇಕು?"

ಎರಡೂ ಒಳ್ಳೆಯ ಪ್ರಶ್ನೆ. ನೋಡೋಕೆ ಬೇರೆ ಬೇರೆ ಅನ್ನಿಸಿದರೂ ಎರಡರ ಬೇರು ಒಂದೇ. ಕಾರಿನ ಲೋಗೋ ಒಂದು ದೇಶದ್ದು, ಕಾರು ಮಾತ್ರ ಹಲವು ದೇಶಗಳದ್ದು. ಆ ಸರಪಳಿಯಲ್ಲಿ ಒಂದು ಕೊಂಡಿ ತಡವಾದಾಗ ನಿಮ್ಮ ಕೈಗೆ ಸಿಗುವುದೇ ಲೋನರ್ ಕೀ.

ಮೊದಲು ನಮ್ಮ ಸಾರಿನಿಂದ ಶುರು ಮಾಡೋಣ

ಮನೆಯಲ್ಲಿ ಇವತ್ತು ಮಾಡಿದ ಸಾರನ್ನೇ ತಗೊಳ್ಳಿ. ಇದಕ್ಕಿಂತ ನಮ್ಮದು ಅನ್ನುವ ಅಡುಗೆ ಇನ್ನೊಂದಿಲ್ಲ. ಮೆಣಸಿನಕಾಯಿ ಬ್ಯಾಡಗಿಯದು ಇರಬಹುದು. ತೊಗರಿಬೇಳೆ ಕಲಬುರಗಿಯದು ಇರಬಹುದು. ಆದರೆ ದೇಶದಲ್ಲಿ ಬೆಳೆದದ್ದು ಸಾಲದೆ ಮ್ಯಾನ್ಮಾರ್‌ನಿಂದ, ಮೊಜಾಂಬಿಕ್‌ನಿಂದ ಕೂಡ ತೊಗರಿ ಬರುತ್ತದೆ. ಇನ್ನು ಒಗ್ಗರಣೆಗೆ ಹಾಕುವ ಇಂಗು? ಅದರ ಕಚ್ಚಾ ಅಂಟು ಹೆಚ್ಚಾಗಿ ಅಫ್ಘಾನಿಸ್ತಾನದಿಂದ ಬರುವುದು.

ಹಾಗಂತ ಸಾರು ಅಫ್ಘಾನಿಸ್ತಾನದ್ದು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಎಷ್ಟು ಹುಳಿ, ಎಷ್ಟು ಖಾರ, ಯಾವಾಗ ಇಳಿಸಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಅಮ್ಮ. ರುಚಿ ಕೆಟ್ಟರೂ ಕೇಳುವುದು ಅಮ್ಮನನ್ನೇ, ಇಂಗಿನ ವ್ಯಾಪಾರಿಯನ್ನಲ್ಲ.

ಕಾರಿನ ಲೆಕ್ಕವೂ ಹೀಗೇ. ಒಂದು ಕಾರಿನಲ್ಲಿ ಸ್ಕ್ರೂ, ನಟ್ಟು ಎಲ್ಲಾ ಸೇರಿ ಸುಮಾರು 30,000 ಬಿಡಿಭಾಗ ಇರುತ್ತವೆ. ಕಾರಿನ ರೂಪ, ಅದು ರಸ್ತೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾವ ಪಾರ್ಟ್ ಎಷ್ಟು ಗಟ್ಟಿ ಇರಬೇಕು, ಇದೆಲ್ಲ ಕಾರು ಕಂಪನಿ ನಿರ್ಧರಿಸುತ್ತದೆ. ಆದರೆ ಅಷ್ಟನ್ನೂ ತಾನೇ ಮಾಡುವುದಿಲ್ಲ. ಬ್ರೇಕ್, ಟೈರ್, ಸೀಟು, ಗಾಜು, ಗೇರ್‌ಬಾಕ್ಸ್, ಏರ್‌ಬ್ಯಾಗ್, ವೈರಿಂಗ್, ಒಂದೊಂದಕ್ಕೂ ಅದರಲ್ಲೇ ಪಳಗಿದ ಕಂಪನಿಗಳಿವೆ. ಇವರಿಗೆ ಸಪ್ಲೈಯರ್ ಅನ್ನುತ್ತಾರೆ. ಕಾರು ಕಂಪನಿಗೆ ನೇರವಾಗಿ ಪಾರ್ಟ್ ಕೊಡುವವರು ಮೊದಲ ಸಾಲು. ಅವರಿಗೆ ಪಾರ್ಟ್ ಕೊಡುವವರು ಎರಡನೇ ಸಾಲು. ಅವರಿಗೂ ಕೊಡುವವರು ಮೂರನೇ ಸಾಲು. ಈ ಸಾಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದುಬಾರಿ ಕಾರಾದರೆ ಎಲ್ಲ ಒಂದೇ ಊರಲ್ಲಿ ಆಗುತ್ತಾ?

ಹಾಗಂತ ತುಂಬಾ ಜನ ನಂಬಿದ್ದಾರೆ. ಎಷ್ಟೋ ಸಲ ಇರುವುದು ಉಲ್ಟಾ. ಸ್ಪೋರ್ಟ್ಸ್ ಕಾರುಗಳು ಮಾರಾಟವಾಗುವುದು ಕಡಿಮೆ. ವರ್ಷಕ್ಕೆ ಕೆಲವೇ ಸಾವಿರ ಕಾರಿಗೆ ಅಂತ ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್ ತಯಾರಿಸಲು ಹೊರಟರೆ ಖರ್ಚು ಹುಟ್ಟುವುದಿಲ್ಲ. ಆದ್ದರಿಂದ ಈಗಾಗಲೇ ಒಳ್ಳೆಯದನ್ನು ಮಾಡುತ್ತಿರುವವರಿಂದ ತರಿಸಿಕೊಳ್ಳುತ್ತಾರೆ.

ಟೊಯೋಟಾ ಸುಪ್ರಾ ನೋಡಿ. ಜಪಾನಿನ ಹೆಸರು. 2019ರಲ್ಲಿ ಬಂದ ಸುಪ್ರಾ ಜೋಡಣೆಯಾದದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ, ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಲ್ಲಿ. ಅದರ ಮಾತೃಸಂಸ್ಥೆ ಮ್ಯಾಗ್ನಾ ಕೆನಡಾದ್ದು. ಎಂಜಿನ್ ಬಿಎಂಡಬ್ಲ್ಯುದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜರ್ಮನಿಯ ಝಡ್‌ಎಫ್ ಕಂಪನಿಯದು. ಅದೇ ಕಾರ್ಖಾನೆಯಲ್ಲಿ ಬಿಎಂಡಬ್ಲ್ಯು ಝಡ್4 ಕೂಡ ತಯಾರಾಗುತ್ತಿತ್ತು, ಅಣ್ಣತಮ್ಮಂದಿರ ಹಾಗೆ.

ಆಸ್ಟನ್ ಮಾರ್ಟಿನ್ ಅಂದರೆ ಬ್ರಿಟನ್ನಿನ ಹೆಮ್ಮೆ. ಅದರ ವಿ8 ಎಂಜಿನ್ ಜರ್ಮನಿಯ ಮರ್ಸಿಡಿಸ್-ಎಎಂಜಿಯಿಂದ ಬರುತ್ತದೆ. ಇಟಲಿಯ ಲ್ಯಾಂಬೋರ್ಗಿನಿ ಹುರಕಾನ್‌ನ ವಿ10 ಎಂಜಿನ್ ಜೋಡಿಸುತ್ತಿದ್ದದ್ದು ಹಂಗೇರಿಯ ಗ್ಯೋರ್‌ನಲ್ಲಿರುವ ಆಡಿ ಕಾರ್ಖಾನೆಯಲ್ಲಿ. ಬ್ರಿಟನ್ನಿನ ಲೋಟಸ್ ಎಮಿರಾದ ವಿ6 ಎಂಜಿನ್ ಟೊಯೋಟಾದ್ದು. ಪೋರ್ಷೆ ಕಯೆನ್ ಜೋಡಣೆಯಾಗುವುದು ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ. ಪೋರ್ಷೆ ಬಾಕ್ಸ್‌ಸ್ಟರ್ ಕಾರುಗಳಲ್ಲಿ ಬಹಳಷ್ಟು 1997ರಿಂದ 2011ರವರೆಗೆ ಫಿನ್‌ಲೆಂಡ್‌ನ ಊಸಿಕೌಪುಂಕಿ ಅನ್ನುವ ಊರಲ್ಲಿ ತಯಾರಾದವು.

ಅಮೆರಿಕದ ಕಾರ್ವೆಟ್‌ಗೆ ಬನ್ನಿ. ಈಗಿನ ಕಾರ್ವೆಟ್ ಕೆಂಟಕಿಯ ಬೋಲಿಂಗ್ ಗ್ರೀನ್‌ನಲ್ಲಿ ಜೋಡಣೆಯಾಗುತ್ತದೆ. ಸ್ಟಿಂಗ್‌ರೇ ಮಾದರಿಯ ಎಂಜಿನ್ ನ್ಯೂಯಾರ್ಕ್ ರಾಜ್ಯದ ಟೊನಾವಾಂಡಾದಿಂದ ಬರುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಟ್ರೆಮೆಕ್ ಕಂಪನಿಯದು, ತಯಾರಾಗುವುದು ಮಿಶಿಗನ್‌ನ ವಿಕ್ಸಮ್‌ನಲ್ಲಿ. ಆದರೆ ಟ್ರೆಮೆಕ್‌ನ ಒಡೆತನ ಮೆಕ್ಸಿಕೋದ ಒಂದು ಗ್ರೂಪ್‌ನದು. ಬ್ರೇಕ್‌ಗೆ ಹೆಸರಾದ ಬ್ರೆಂಬೋ ಇಟಲಿಯ ಕಂಪನಿ, ಅದರ ಒಂದು ಕಾರ್ಖಾನೆ ಮಿಶಿಗನ್‌ನ ಹೋಮರ್‌ನಲ್ಲಿದೆ. ಈಗ ಹೇಳಿ, ಮಿಶಿಗನ್‌ನಲ್ಲಿ ಮಾಡಿದ ಮೆಕ್ಸಿಕೋ ಕಂಪನಿಯ ಗೇರ್‌ಬಾಕ್ಸ್ 'ವಿದೇಶಿ'ಯಾ, 'ಸ್ವದೇಶಿ'ಯಾ?

ಇಲ್ಲಿ ಮೂರು ವಿಷಯಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಕಂಪನಿ ಯಾವ ದೇಶದ್ದು ಅನ್ನುವುದು ಒಂದು. ಕಾರು ಎಲ್ಲಿ ಜೋಡಣೆಯಾಯಿತು ಅನ್ನುವುದು ಎರಡು. ಅದರೊಳಗಿನ ಪಾರ್ಟ್ಸ್ ಎಲ್ಲಿ ತಯಾರಾದವು ಅನ್ನುವುದು ಮೂರು. ಜನ ಮಾತಾಡುವಾಗ ಮೂರನ್ನೂ ಒಂದೇ ಗಂಟು ಕಟ್ಟುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ನನ್ನ ಕಾರು ಎಲ್ಲಿಯದು ಅಂತ ತಿಳಿಯೋದು ಹೇಗೆ?

ಕಾರಿನ ಹತ್ತಿರವೇ ಹೋಗಿ ನೋಡೋಣ. ಅಮೆರಿಕದಲ್ಲಿ ಡ್ರೈವರ್ ಕಡೆಯ ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಹೊರಗೆ ನಿಂತು ಬಗ್ಗಿ ನೋಡಿದರೆ ಓದಬಹುದು. ಅದರಲ್ಲಿರುವುದು 17 ಅಕ್ಷರ ಮತ್ತು ಅಂಕಿಗಳ ವಿನ್ ನಂಬರ್. ನಮ್ಮಲ್ಲಿ ಚಾಸಿ ನಂಬರ್ ಅಂತ ಕರೆಯುವುದು ಇದನ್ನೇ. ಮೊದಲ ಅಕ್ಷರ ಜೆ ಇದ್ದರೆ ಜಪಾನ್, ಡಬ್ಲ್ಯು ಇದ್ದರೆ ಜರ್ಮನಿ, ಝಡ್ ಇದ್ದರೆ ಇಟಲಿ. 1, 4, 5 ಅಮೆರಿಕಕ್ಕೆ, 2 ಕೆನಡಾಕ್ಕೆ, 3 ಮೆಕ್ಸಿಕೋಗೆ. ಭಾರತದ ಕಾರುಗಳು ಸಾಮಾನ್ಯವಾಗಿ ಎಂ ಅಕ್ಷರದಿಂದ ಶುರುವಾಗುತ್ತವೆ.

ಆದರೆ ಮೊದಲ ಅಕ್ಷರವನ್ನೇ ಪೂರ್ತಿ ನಂಬಬೇಡಿ. ಅದು ತಯಾರಕ ಕಂಪನಿಗೆ ಕೊಟ್ಟ ಗುರುತಿನ ಭಾಗ. ಆಸ್ಟ್ರಿಯಾದಲ್ಲಿ ಜೋಡಿಸಿದ ಸುಪ್ರಾದ ವಿನ್ ಶುರುವಾಗುವುದು ಡಬ್ಲ್ಯುನಿಂದ! ಕಾರು ಹುಟ್ಟಿದ ಕಾರ್ಖಾನೆಯ ಗುರುತು ಇರುವುದು 11ನೇ ಜಾಗದಲ್ಲಿ. ಹಳೆಯ ಬಾಕ್ಸ್‌ಸ್ಟರ್‌ನಲ್ಲಿ ಆ ಜಾಗದಲ್ಲಿ ಎಸ್ ಇದ್ದರೆ ಸ್ಟಟ್‌ಗಾರ್ಟ್, ಯು ಇದ್ದರೆ ಊಸಿಕೌಪುಂಕಿ. ಸೆಕೆಂಡ್ ಹ್ಯಾಂಡ್ ಬಾಕ್ಸ್‌ಸ್ಟರ್ ಕೊಳ್ಳುವವರು ಈ ಒಂದು ಅಕ್ಷರ ನೋಡಿ ಚರ್ಚೆ ಮಾಡುವುದು ಇವತ್ತಿಗೂ ಇದೆ. ಎರಡೂ ಕಡೆ ಡಿಸೈನ್ ಒಂದೇ ಇತ್ತು ಅನ್ನುವುದನ್ನು ನಾನಂತೂ ನೆನಪಿಸುತ್ತಿರುತ್ತೇನೆ.

ಹೊಸ ಕಾರಾದರೆ ಇನ್ನೊಂದು ದಾರಿ ಇದೆ. ಅಮೆರಿಕದ ಶೋರೂಮ್‌ನಲ್ಲಿ ನಿಂತ ಪ್ರತಿ ಹೊಸ ಕಾರಿನ ಕಿಟಕಿಗೂ ಬೆಲೆಯ ದೊಡ್ಡ ಸ್ಟಿಕರ್ ಅಂಟಿಸಿರುತ್ತಾರೆ. 1958ರಲ್ಲಿ ಸೆನೆಟರ್ ಮೈಕ್ ಮನ್ರೋನಿ ತಂದ ಕಾನೂನಿನಿಂದ ಶುರುವಾದ ಪದ್ಧತಿ ಅದು. 1992ರ ಅಮೆರಿಕನ್ ಆಟೊಮೊಬೈಲ್ ಲೇಬಲಿಂಗ್ ಕಾಯ್ದೆ ಬಂದ ಮೇಲೆ ಪಾರ್ಟ್ಸ್ ಎಲ್ಲಿಯವು ಅನ್ನುವುದನ್ನೂ ಹೇಳಬೇಕಾಯಿತು. ಈ ಲೇಬಲ್‌ನಲ್ಲಿ ಅಮೆರಿಕ ಮತ್ತು ಕೆನಡಾದ ಪಾರ್ಟ್ಸ್ ಎಷ್ಟು ಪರ್ಸೆಂಟ್, ಬೇರೆ ಯಾವ ದೇಶದಿಂದ 15 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಬಂದಿದೆ, ಕೊನೆಯ ಜೋಡಣೆ ಯಾವ ಊರಲ್ಲಿ, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು ಅಂತ ಬರೆದಿರುತ್ತದೆ.

ಓದುವಾಗ ಕೆಲವು ಸೂಕ್ಷ್ಮ ಗಮನಿಸಿ. ಪರ್ಸೆಂಟ್ ಲೆಕ್ಕ ಪಾರ್ಟ್‌ಗಳ ಸಂಖ್ಯೆಯದಲ್ಲ, ಬೆಲೆಯದು. ಅಮೆರಿಕ, ಕೆನಡಾ ಎರಡನ್ನೂ ಸೇರಿಸಿ ಹೇಳುತ್ತಾರೆ, ಬೇರೆ ಮಾಡುವುದಿಲ್ಲ. ಅದು ನಿಮ್ಮ ಮುಂದಿರುವ ಆ ಒಂದು ಕಾರಿನ ಲೆಕ್ಕವೂ ಅಲ್ಲ, ಆ ಮಾದರಿಯ ಕಾರುಗಳ ಸರಾಸರಿ. ಜೋಡಣೆಯ ಕೂಲಿ ಇದರಲ್ಲಿ ಸೇರಿಲ್ಲ. ಇನ್ನೊಂದು, ಹೊರಗಿನ ಸಪ್ಲೈಯರ್ ಕೊಟ್ಟ ಪಾರ್ಟ್‌ನ ಬೆಲೆಯಲ್ಲಿ 70 ಪರ್ಸೆಂಟ್ ಅಮೆರಿಕ-ಕೆನಡಾದ್ದಾದರೆ ಅದನ್ನು ಪೂರ್ತಿ 100 ಅಂತಲೇ ಲೆಕ್ಕ ಹಿಡಿಯಬಹುದು. ಅಂದರೆ ಲೇಬಲ್ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಅಂದಾಜಿನ ಚಿತ್ರ. ಸಾರಿನಲ್ಲಿ ಇಂಗು ಎಷ್ಟು ಪೈಸೆಯದ್ದು ಅಂತ ಹೇಳಿದ ಹಾಗೆ.

ಟೈರ್ ಮೇಲೂ ಒಮ್ಮೆ ಕಣ್ಣಾಡಿಸಿ. ಡಿಒಟಿ ಅನ್ನುವ ಅಕ್ಷರಗಳ ನಂತರ ಬರುವ ಕೋಡ್ ಅದು ತಯಾರಾದ ಕಾರ್ಖಾನೆಯದ್ದು. ಕೊನೆಯ ನಾಲ್ಕು ಅಂಕಿ 2324 ಅಂತ ಇದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಇದು ನಮ್ಮ ಊರಿನ ಕಾರಿಗೂ ಉಪಯೋಗಕ್ಕೆ ಬರುವ ಮಾಹಿತಿ. ಎಷ್ಟೋ ಜನ ಹೊಸದು ಅಂತ ಹಳೆಯ ಸ್ಟಾಕ್ ಟೈರ್ ಹಾಕಿಸಿಕೊಂಡು ಬರುತ್ತಾರೆ.

ಒಂದು ಚಿಕ್ಕ ಪಾರ್ಟ್, ಸಾವಿರಾರು ಕಾರು

ಈಗ ಆ ಮೂರು ಸಾಲುಗಳ ವಿಷಯಕ್ಕೆ ಬರೋಣ. 2024ರ ಫೆಬ್ರವರಿಯಲ್ಲಿ ಅಮೆರಿಕದ ಬಂದರುಗಳಲ್ಲಿ ಸುಮಾರು ಒಂದು ಸಾವಿರ ಪೋರ್ಷೆ, ಕೆಲವು ನೂರು ಬೆಂಟ್ಲಿ, ಕೆಲವು ಸಾವಿರ ಆಡಿ ಕಾರುಗಳು ಹೊರಗೆ ಹೋಗಲಾಗದೆ ನಿಂತವು. ಕಾರಣ ಒಂದು ಪುಟ್ಟ ಎಲೆಕ್ಟ್ರಾನಿಕ್ ಪಾರ್ಟ್. ಕಾರಿನ ಒಳಗಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡಲು ಬೇಕಾಗುವ ಭಾಗ ಅದು. ಚೀನಾದಿಂದ ಬಂದಿತ್ತು. ಅಲ್ಲಿನ ವೀಗರ್ ಅನ್ನುವ ಮುಸ್ಲಿಂ ಸಮುದಾಯದ ಜನರಿಂದ ಬಲವಂತವಾಗಿ ದುಡಿಸಿ ಮಾಡಿದ ವಸ್ತುಗಳು ಅಮೆರಿಕದೊಳಗೆ ಬರಬಾರದು ಅಂತ 2021ರಲ್ಲಿ ಮಾಡಿದ ಕಾನೂನಿನ ಅಡಿಯಲ್ಲಿ ಆ ತಯಾರಕರ ಹೆಸರು ನಿಷೇಧದ ಪಟ್ಟಿಯಲ್ಲಿತ್ತು.

ಈ ಮೂರೂ ಬ್ರ್ಯಾಂಡ್‌ಗಳ ಒಡೆಯ ಫೋಕ್ಸ್‌ವ್ಯಾಗನ್ ಗ್ರೂಪ್. ಆ ಪಾರ್ಟ್ ಅವರಿಗೆ ನೇರವಾಗಿ ಬಂದದ್ದಲ್ಲ, ಕೆಳಗಿನ ಸಾಲಿನ ಯಾರೋ ತಂದು ಇನ್ಯಾವುದೋ ಡಬ್ಬಿಯೊಳಗೆ ಸೇರಿಸಿದ್ದು. ಕೆಳಗಿನಿಂದ ಸುದ್ದಿ ಬಂದ ಮೇಲೆ ಕಂಪನಿಯೇ ಅಧಿಕಾರಿಗಳಿಗೆ ತಿಳಿಸಿತು. ಕಾರುಗಳಲ್ಲಿ ಆ ಭಾಗವನ್ನು ಬದಲಿಸಿ ಆಮೇಲೆ ಬಿಡಿಸಿಕೊಳ್ಳಬೇಕಾಯಿತು. ಲಕ್ಷ ಡಾಲರ್ ಕಾರು, ಅಂಗೈಗಿಂತ ಚಿಕ್ಕ ಪಾರ್ಟ್.

ಇನ್ನೊಂದು ಘಟನೆ 2022ರ ಮಾರ್ಚ್‌ನದು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಕೂಡಲೇ ಪೋರ್ಷೆಯ ಲೈಪ್‌ಜಿಗ್ ಕಾರ್ಖಾನೆ ನಿಂತಿತು. ಎಲ್ಲಿಯ ಯುದ್ಧ, ಎಲ್ಲಿಯ ಕಾರು ಅನ್ನಿಸಬಹುದು. ಪಶ್ಚಿಮ ಉಕ್ರೇನ್‌ನಲ್ಲಿ ಲಿಯೋನಿ ಅನ್ನುವ ಜರ್ಮನ್ ಕಂಪನಿಯ ವೈರಿಂಗ್ ಕಾರ್ಖಾನೆಗಳಿದ್ದವು. ಕಾರಿನ ಉದ್ದಗಲಕ್ಕೂ ಹರಿಯುವ ವೈರುಗಳ ಕಟ್ಟಿಗೆ ವೈರಿಂಗ್ ಹಾರ್ನೆಸ್ ಅನ್ನುತ್ತಾರೆ. ನಮ್ಮ ಮೈಯ ನರಗಳಿದ್ದ ಹಾಗೆ. ಇದನ್ನು ಇವತ್ತಿಗೂ ಹೆಚ್ಚಾಗಿ ಕೈಯಲ್ಲೇ ಹೆಣೆಯುತ್ತಾರೆ. ಉದ್ದನೆಯ ಹಲಗೆಯ ಮೇಲೆ ಮೊಳೆಗಳನ್ನು ನೆಟ್ಟು, ಒಂದೊಂದೇ ವೈರನ್ನು ಅದರ ಜಾಗಕ್ಕೆ ಎಳೆದು, ಟೇಪ್ ಸುತ್ತಿ ಕಟ್ಟುತ್ತಾರೆ. ಗಿರಾಕಿ ಬಿಸಿಯಾಗುವ ಸೀಟು ಕೇಳಿದ್ದಾನಾ, ದೊಡ್ಡ ಸ್ಪೀಕರ್ ಕೇಳಿದ್ದಾನಾ ಅನ್ನುವುದರ ಮೇಲೆ ಹಾರ್ನೆಸ್ ಬದಲಾಗುತ್ತದೆ. ಅದಕ್ಕೇ ಒಂದರ ಬದಲು ಇನ್ನೊಂದು ಹಾಕಲು ಆಗುವುದಿಲ್ಲ. ಜೋಡಣೆಯ ಶುರುವಿನಲ್ಲೇ ಇದು ಒಳಗೆ ಹೋಗಬೇಕಾದ್ದರಿಂದ, ಇದಿಲ್ಲದೆ ಕಾರು ಮುಂದೆ ಸರಿಯುವುದೇ ಇಲ್ಲ.

'ವಿದೇಶಿ' ಅನ್ನುವ ಮಾತು ಎಷ್ಟು ಜಾರುತ್ತದೆ ಅನ್ನುವುದಕ್ಕೆ ಟಕಾಟಾ ಏರ್‌ಬ್ಯಾಗ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಟಕಾಟಾ ಜಪಾನಿನ ಕಂಪನಿ. ಅದರ ಏರ್‌ಬ್ಯಾಗ್ ಉಬ್ಬಿಸಲು ಬಳಸುತ್ತಿದ್ದ ಅಮೋನಿಯಂ ನೈಟ್ರೇಟ್ ಸೆಕೆಗೆ, ತೇವಕ್ಕೆ ವರ್ಷಾನುಗಟ್ಟಲೆ ಸಿಕ್ಕಿ ಹದಗೆಡುತ್ತಿತ್ತು. ಅಪಘಾತವಾದಾಗ ಅದು ಮಿತಿಮೀರಿ ಸಿಡಿದು ಲೋಹದ ಚೂರುಗಳು ಹಾರಿ ಜನ ಸತ್ತರು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ವಾಪಸ್ ಕರೆಯಬೇಕಾಯಿತು. ಹೋಂಡಾ, ಟೊಯೋಟಾ ಮಾತ್ರವಲ್ಲ, ಬಿಎಂಡಬ್ಲ್ಯು, ಫೆರಾರಿ, ಮೆಕ್ಲಾರೆನ್ ಕೂಡ ಪಟ್ಟಿಯಲ್ಲಿದ್ದವು. ಜಪಾನಿನ ಕಂಪನಿ ಹೌದು, ಆದರೆ ಆ ಸಿಡಿಮದ್ದು ತಯಾರಾದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್‌ನಲ್ಲೂ, ಮೆಕ್ಸಿಕೋದ ಮೊನ್‌ಕ್ಲೋವಾದಲ್ಲೂ. ದೋಷ ಇದ್ದದ್ದು ಡಿಸೈನ್‌ನಲ್ಲಿ, ತಪಾಸಣೆಯಲ್ಲಿ. ಊರಿನ ಹೆಸರಲ್ಲಿ ಅಲ್ಲ.

ಹೊಸ ಏರ್‌ಬ್ಯಾಗ್ ಸಾಕಾಗದೆ ಜನ ತಿಂಗಳುಗಟ್ಟಲೆ ಕಾಯಬೇಕಾದಾಗ ಹೋಂಡಾದಂಥ ಕಂಪನಿಗಳು ಅವರಿಗೆ ಲೋನರ್ ಅಥವಾ ಬಾಡಿಗೆ ಕಾರು ಕೊಟ್ಟವು.

ಡಬ್ಬದ ಮೇಲಿನ ಲೋಗೋ

ಗೆಳೆಯನ ಹಂಗೇರಿ ಪಂಪ್‌ನಲ್ಲಿ ಮೋಸ ಇತ್ತಾ? ಇಲ್ಲ. ಇಲ್ಲಿ ಮೂರು ಪದ ಗೊತ್ತಿದ್ದರೆ ಸಾಕು.

ಕಾರು ಕಂಪನಿಯ ಡಬ್ಬದಲ್ಲಿ, ಅದರ ಲೋಗೋ ಹೊತ್ತು ಬರುವುದು ಜೆನ್ಯೂಯಿನ್ ಪಾರ್ಟ್. ಅದೇ ಪಾರ್ಟನ್ನು ಕಾರು ಕಂಪನಿಗೆ ಮಾಡಿಕೊಡುವ ಸಪ್ಲೈಯರ್ ತನ್ನ ಸ್ವಂತ ಹೆಸರಲ್ಲಿ ಮಾರಿದರೆ ಅದಕ್ಕೆ ಒಇಎಂ ಪಾರ್ಟ್ ಅನ್ನುತ್ತಾರೆ. ಮೂಲ ತಯಾರಕರ ಮಾಲು ಅಂತ ಅರ್ಥ. ಇವರಿಬ್ಬರೂ ಅಲ್ಲದ ಮೂರನೆಯವರು ಮಾಡಿದ್ದು ಆಫ್ಟರ್‌ಮಾರ್ಕೆಟ್. ಇದರಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ.

ಜರ್ಮನ್ ಕಾರು ರಿಪೇರಿ ಮಾಡುವ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ. ಸಸ್ಪೆನ್ಶನ್‌ನ ಒಂದು ಒಇಎಂ ಆರ್ಮ್ ಕೈಗೆ ಕೊಟ್ಟು, ಒಂದು ಜಾಗದಲ್ಲಿ ಬೆರಳಿಟ್ಟು ತೋರಿಸುತ್ತಾರೆ. ಎರಕದ ಮೇಲ್ಮೈ ಒರಟಾಗಿದ್ದರೂ ಅಲ್ಲಿ ಮಾತ್ರ ಕಾಸಿನಗಲ ನುಣ್ಣಗೆ, ಹೊಳೆಯುತ್ತಾ ಇರುತ್ತದೆ. ಕಾರು ಕಂಪನಿಯ ಲೋಗೋವನ್ನು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆದ ಗುರುತು ಅದು. ಒಂದೇ ಅಚ್ಚು, ಒಂದೇ ಕಾರ್ಖಾನೆ. ಲೋಗೋ ಇದ್ದರೆ ಒಂದು ಬೆಲೆ, ಉಜ್ಜಿದರೆ ಅದಕ್ಕಿಂತ ಕಡಿಮೆ ಬೆಲೆ.

ಜೆನ್ಯೂಯಿನ್ ಅಲ್ಲದ್ದನ್ನು ಹಾಕಿಸಿದರೆ ವಾರಂಟಿ ಹೋಗುತ್ತಾ ಅನ್ನುವುದು ಎಲ್ಲರ ಭಯ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಬೇರೆ ಪಾರ್ಟ್ ಹಾಕಿಸಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವ ಹಾಗಿಲ್ಲ. ಆ ಪಾರ್ಟ್‌ನಿಂದಲೇ ಹಾಳಾಯಿತು ಅಂತಾದರೆ ಮಾತ್ರ ಕಂಪನಿ ಇಲ್ಲ ಅನ್ನಬಹುದು.

ಈಗ ಯಾಕೆ ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ?

ಸುಂಕದಿಂದ. 2025ರ ಏಪ್ರಿಲ್ 3ರಿಂದ ಅಮೆರಿಕ ಹೊರಗಿನಿಂದ ಬರುವ ಕಾರುಗಳ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಸುಂಕ ಹಾಕಿತು. ಮೇ 3ರಿಂದ ಎಂಜಿನ್, ಗೇರ್‌ಬಾಕ್ಸ್ ಮುಂತಾದ ಪಾರ್ಟ್ಸ್ ಮೇಲೂ ಬಂತು. ಆಮೇಲೆ ಒಪ್ಪಂದಗಳಾಗಿ ಯುರೋಪಿಯನ್ ಒಕ್ಕೂಟ ಮತ್ತು ಜಪಾನಿನ ಕಾರುಗಳಿಗೆ ಎಲ್ಲ ಸೇರಿ 15 ಪರ್ಸೆಂಟ್‌ಗೆ ಇಳಿಯಿತು. ಬ್ರಿಟನ್ನಿನಿಂದ ಬರುವ ಕಾರುಗಳಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಎಲ್ಲ ಸೇರಿ 10 ಪರ್ಸೆಂಟ್.

ಪೋರ್ಷೆಗೆ, ಫೆರಾರಿಗೆ ಅಮೆರಿಕದಲ್ಲಿ ಕಾರ್ಖಾನೆಯೇ ಇಲ್ಲ. ಅಲ್ಲಿ ಮಾರುವ ಪ್ರತಿ ಕಾರೂ ಹಡಗು ಹತ್ತಿಯೇ ಬರಬೇಕು. 2025ರ ಮಾರ್ಚ್‌ನಲ್ಲೇ ಫೆರಾರಿ ಕೆಲವು ಮಾದರಿಗಳ ಬೆಲೆ 10 ಪರ್ಸೆಂಟ್‌ವರೆಗೆ ಏರಿಸುವುದಾಗಿ ಹೇಳಿತು. ಸುಂಕ ಕಟ್ಟುವುದು ಆಮದು ಮಾಡಿಕೊಳ್ಳುವ ಕಂಪನಿ, ಅದೂ ಬಂದರಿನಲ್ಲೇ. ಆದರೆ ಆ ದುಡ್ಡು ಒಂದಲ್ಲ ಒಂದು ರೂಪದಲ್ಲಿ ಕಾರಿನ ಬೆಲೆಗೋ, ರಿಪೇರಿ ಬಿಲ್ಲಿಗೋ ಬಂದು ಸೇರಿಕೊಳ್ಳುತ್ತದೆ. ಅದಕ್ಕೇ ಈಗ ಪಂಪ್ ಡಬ್ಬದ ಸಣ್ಣ ಅಕ್ಷರಕ್ಕೂ ಬೆಲೆ ಬಂದಿದೆ.

ಇನ್ನು ಲೋನರ್ ಕಾರಿನ ವಿಷಯ

ಲೋನರ್ ಅಂದರೆ ನಿಮ್ಮ ಕಾರು ರಿಪೇರಿಯಲ್ಲಿರುವಾಗ ಡೀಲರ್ ಓಡಿಸಲು ಕೊಡುವ ಕಾರು. ಬ್ರಿಟನ್ನಿನಲ್ಲಿ, ನಮ್ಮಲ್ಲಿ ಕರ್ಟಸಿ ಕಾರು ಅನ್ನುತ್ತಾರೆ. ಸಾಮಾನ್ಯವಾಗಿ ಬಾಡಿಗೆ ಇರುವುದಿಲ್ಲ. ಹಾಗಂತ ಪ್ರತಿ ಕಾರು ಮಾಲೀಕನ ಹಕ್ಕೂ ಅಲ್ಲ. ಕೆಲವು ಬ್ರ್ಯಾಂಡ್‌ಗಳ ಯೋಜನೆಯಲ್ಲಿ ಇರುತ್ತದೆ, ಕೆಲವು ಡೀಲರ್‌ಗಳು ತಮ್ಮ ಗಿರಾಕಿಗಳನ್ನು ಉಳಿಸಿಕೊಳ್ಳಲು ಕೊಡುತ್ತಾರೆ. ಕಾರು ಬಿಡುವ ಮುಂಚೆ ಫೋನ್ ಮಾಡಿ ಬುಕ್ ಮಾಡಿಕೊಳ್ಳದಿದ್ದರೆ ಸಿಗದೆಯೂ ಇರಬಹುದು.

ಸ್ಪೋರ್ಟ್ಸ್ ಕಾರು ಬಿಟ್ಟರೆ ಸ್ಪೋರ್ಟ್ಸ್ ಕಾರೇ ಸಿಗುವುದು ಅಪರೂಪ. ಹೆಚ್ಚಾಗಿ ಅದೇ ಬ್ರ್ಯಾಂಡಿನ ಸೆಡಾನ್ ಅಥವಾ ಎಸ್‌ಯುವಿ. ಬಹುಪಾಲು ಹೊಸ ಮಾದರಿಯ ಕಾರೇ ಆಗಿರುತ್ತದೆ. ನಾಲ್ಕು ದಿನ ಓಡಿಸಿದವರಿಗೆ ಅದನ್ನೇ ಕೊಳ್ಳುವ ಮನಸ್ಸಾಗಬಹುದು ಅನ್ನುವ ಲೆಕ್ಕವೂ ಇದರಲ್ಲಿದೆ.

ಕೀ ಕೈಗೆ ಬರುವ ಮುಂಚೆ ಒಂದು ಕಾಗದಕ್ಕೆ ಅಥವಾ ಟ್ಯಾಬ್ಲೆಟ್ ಮೇಲೆ ಸಹಿ ಹಾಕಿಸುತ್ತಾರೆ. ಆಫೀಸಿಗೆ ಹೊತ್ತಾಯಿತು ಅಂತ ಎಲ್ಲರೂ ಓದದೆ ಸಹಿ ಹಾಕುವುದು ಇಲ್ಲೇ. ದಯವಿಟ್ಟು ಐದು ನಿಮಿಷ ಕೊಡಿ. ಅಮೆರಿಕದಲ್ಲಿ ಲೋನರ್‌ಗೆ ಏನಾದರೂ ಆದರೆ ಸಾಮಾನ್ಯವಾಗಿ ಮೊದಲು ಬರುವುದು ನಿಮ್ಮ ಸ್ವಂತ ಇನ್ಶೂರೆನ್ಸ್. ನಿಮ್ಮ ಪಾಲಿಸಿಯಲ್ಲಿರುವ ಕವರ್ ಎಷ್ಟೋ ಅಷ್ಟೇ ಲೋನರ್‌ಗೂ ಸಿಗುತ್ತದೆ. ಡಿಡಕ್ಟಿಬಲ್ ಸಾವಿರ ಡಾಲರ್ ಇದ್ದರೆ ಆ ಮೊದಲ ಸಾವಿರ ನಿಮ್ಮ ಜೇಬಿನಿಂದಲೇ. ಅಪಾಯ ಇರುವುದು ಇಲ್ಲಿ: ನಿಮ್ಮದು ಹಳೆಯ ಕಾರು, ಅದಕ್ಕೇಕೆ ಜಾಸ್ತಿ ಪ್ರೀಮಿಯಂ ಅಂತ, ಗುದ್ದಿದಾಗ ನೀವು ಓಡಿಸುವ ಕಾರಿನ ರಿಪೇರಿಗೆ ಸಿಗುವ ಕೊಲಿಷನ್ ಕವರ್ ತೆಗೆಸಿಹಾಕಿದ್ದೀರಿ ಅಂದುಕೊಳ್ಳಿ. ಎದುರಿನವರ ನಷ್ಟಕ್ಕೆ ಮಾತ್ರ ಕವರ್ ಇದೆ. ಆಗ 70,000 ಡಾಲರಿನ ಲೋನರ್ ಗುದ್ದಿದರೆ ಆ ಕಾರಿನ ರಿಪೇರಿ ಖರ್ಚು ನೇರವಾಗಿ ನಿಮ್ಮ ತಲೆ ಮೇಲೆ ಬರಬಹುದು. ಡೀಲರ್ ಹತ್ತಿರ ಹೋಗುವ ಮುಂಚೆ ಏಜೆಂಟ್‌ಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಆ ಕಾಗದದಲ್ಲಿ ಇನ್ನೂ ಕೆಲವು ಷರತ್ತು ಇರುತ್ತವೆ. ದಿನಕ್ಕೆ ಇಷ್ಟೇ ಮೈಲಿ. ರಾಜ್ಯದ ಗಡಿ ದಾಟುವ ಹಾಗಿಲ್ಲ. ಸಹಿ ಹಾಕಿದವರನ್ನು ಬಿಟ್ಟು ಬೇರೆ ಯಾರೂ ಓಡಿಸುವ ಹಾಗಿಲ್ಲ, ಹೆಂಡತಿ ಓಡಿಸಬೇಕಾದರೆ ಅವರ ಲೈಸೆನ್ಸ್ ಕೂಡ ಸೇರಿಸಬೇಕು. ಊರಿಂದ ಬಂದ ಅಪ್ಪನಿಗೆ ಖುಷಿಗೆ ಒಂದು ರೌಂಡ್ ಓಡಿಸೋಕೆ ಕೊಡೋಣ ಅಂತ ಮಾತ್ರ ಹೋಗಬೇಡಿ. ಟೋಲ್, ದಂಡ, ಪೆಟ್ರೋಲ್ ಎಲ್ಲ ನಿಮ್ಮದೇ. ನಿಮ್ಮ ಪಾರ್ಟ್ ಬಂದು ಕಾರು ರೆಡಿ ಅಂತ ಹೇಳಿದ ಮೇಲೂ ಲೋನರ್ ಇಟ್ಟುಕೊಂಡರೆ ಆ ದಿನಗಳಿಗೆ ಬಾಡಿಗೆ ಹಾಕುವವರೂ ಇದ್ದಾರೆ.

ಕಾರು ತಗೊಳ್ಳುವಾಗ ಫೋನ್‌ನಲ್ಲಿ ಒಂದು ವಿಡಿಯೊ ಮಾಡಿ. ನಾಲ್ಕೂ ಚಕ್ರದ ಅಂಚು, ಮುಂದಿನ ಬಂಪರ್‌ನ ಕೆಳಭಾಗ, ಗಾಜಿನ ಮೇಲಿನ ಸಣ್ಣ ಚುಕ್ಕೆ, ಕಿಲೋಮೀಟರ್ ಅಥವಾ ಮೈಲಿ ಮೀಟರ್, ಪೆಟ್ರೋಲ್ ಮುಳ್ಳು. ಎರಡು ನಿಮಿಷದ ಕೆಲಸ.

ಇನ್ನೊಂದು ಕಾಗದವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಕಾರು ಬಿಟ್ಟ ದಿನ ಕೊಡುವ ರಿಪೇರ್ ಆರ್ಡರ್. ಕಾರು ಒಳಗೆ ಹೋದ ತಾರೀಖು, ಹೊರಗೆ ಬಂದ ತಾರೀಖು ಅದರಲ್ಲಿ ಇರಬೇಕು. ಅಮೆರಿಕದ ರಾಜ್ಯಗಳಲ್ಲಿ ಲೆಮನ್ ಕಾನೂನು ಅಂತ ಇದೆ, ಹೊಸ ಕಾರು ಪದೇ ಪದೇ ಕೆಟ್ಟರೆ ಗಿರಾಕಿಯ ರಕ್ಷಣೆಗೆ. ದೋಷ ಸರಿಹೋಗದೆ ಕಾರು ಒಟ್ಟು ಇಷ್ಟು ದಿನ ಶೆಡ್‌ನಲ್ಲೇ ಉಳಿದರೆ ಅನ್ನುವ ಲೆಕ್ಕ ಅದರಲ್ಲಿ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಅದು 30 ದಿನ, ನ್ಯೂಜೆರ್ಸಿಯಲ್ಲಿ 20 ದಿನ. ಲೋನರ್ ಕೈಯಲ್ಲಿದ್ದಾಗ ದಿನ ಎಣಿಸುವುದು ಯಾರಿಗೂ ನೆನಪಾಗುವುದಿಲ್ಲ.

ಲೋನರ್ ಆಗಿದ್ದ ಕಾರನ್ನು ಕೊಳ್ಳಬಹುದಾ?

ಕೆಲವು ಸಾವಿರ ಮೈಲಿ ಓಡಿದ ಮೇಲೆ ಡೀಲರ್ ಇವನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಕೊಳ್ಳಬಹುದು. ಕೇಳಲೇಬೇಕಾದ ಪ್ರಶ್ನೆ ಒಂದಿದೆ, ವಾರಂಟಿ ಯಾವತ್ತಿನಿಂದ ಶುರುವಾಗಿದೆ? ಲೋನರ್ ಆಗಿ ರಸ್ತೆಗಿಳಿದ ದಿನದಿಂದಲೇ ವಾರಂಟಿ ಓಡಲು ಶುರುವಾಗಿರುತ್ತದೆ. ನಾಲ್ಕು ವರ್ಷದ ವಾರಂಟಿ ಅಂದುಕೊಂಡದ್ದು ಮೂರು ವರ್ಷ ಚಿಲ್ಲರೆಗೆ ಇಳಿದಿರಬಹುದು. ಅದೇ ಕಾರು ಇನ್ನೂ ಯಾರ ಹೆಸರಿಗೂ ನೋಂದಣಿ ಆಗಿಲ್ಲದಿದ್ದರೆ ಕಾಗದದಲ್ಲಿ 'ಹೊಸದು' ಅಂತಲೇ ಇರುವುದುಂಟು. ಮೈಲಿ ನೋಡಿ ಬೆಲೆ ಮಾತಾಡಿ.

ನಮ್ಮ ಊರಿನ ನಂಟು

ಈ ಸರಪಳಿಯಲ್ಲಿ ಕರ್ನಾಟಕವೂ ಒಂದು ಕೊಂಡಿ. ಹೊಸಕೋಟೆಯಲ್ಲಿ 2017ರಿಂದ ವೋಲ್ವೋ ಕಾರುಗಳ ಜೋಡಣೆ ನಡೆಯುತ್ತಿದೆ. ಸ್ವೀಡನ್ನಿನ ಹೆಸರು, ಚೀನಾದ ಗೀಲಿಯ ಒಡೆತನ, ಹೊರಗಿನಿಂದ ಬರುವ ಭಾಗಗಳು, ಹೊಸಕೋಟೆಯ ಕೈಗಳು. 2020ರಿಂದ ಬಿಡದಿಯಲ್ಲಿ ಲೆಕ್ಸಸ್ ಇಎಸ್ ಜೋಡಣೆಯಾಯಿತು. ಜರ್ಮನಿಯ ಮರ್ಸಿಡಿಸ್-ಬೆಂಝ್ 1996ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದಿದೆ. ಜರ್ಮನ್ ಕಾರಿನ ಸಾಫ್ಟ್‌ವೇರ್‌ನಲ್ಲಿ ನಮ್ಮ ಪಕ್ಕದ ಮನೆಯವರ ದುಡಿಮೆಯೂ ಇರಬಹುದು, ಅದು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ.

ಭಾರತದಲ್ಲಿ ಇದಕ್ಕೆ ಎರಡು ಪದ ಬಳಸುತ್ತಾರೆ. ಸಿಬಿಯು ಅಂದರೆ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದ ಕಾರು. ಸಿಕೆಡಿ ಅಂದರೆ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದದ್ದು. ದುಬಾರಿ ಸಿಬಿಯು ಕಾರುಗಳಿಗೆ ಎಷ್ಟೋ ವರ್ಷಗಳಿಂದ ಕಾರಿನ ಬೆಲೆಯಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಸುಂಕ ಇತ್ತು. ಸಿಕೆಡಿಗೆ ಅದರಲ್ಲಿ ಸಣ್ಣ ಪಾಲು. ಅದಕ್ಕೇ ಬೆಂಗಳೂರಿನಲ್ಲಿ ಲಕ್ಷುರಿ ಕಾರುಗಳು ಕಾಣುವಷ್ಟು ಸ್ಪೋರ್ಟ್ಸ್ ಕಾರುಗಳು ಕಾಣುವುದಿಲ್ಲ. ಮಾರಾಟ ಕಡಿಮೆ ಇರುವ ಸ್ಪೋರ್ಟ್ಸ್ ಕಾರನ್ನು ಇಲ್ಲಿ ಜೋಡಿಸುವುದು ಯಾರಿಗೂ ಗಿಟ್ಟುವುದಿಲ್ಲ.

ಗೆಳೆಯ ಮೊನ್ನೆ ಲೋನರ್ ವಾಪಸ್ ಕೊಡಲು ಹೋಗಿದ್ದ. ಸರ್ವೀಸ್ ಅಡ್ವೈಸರ್ ಕಾರನ್ನು ಒಂದು ಸುತ್ತು ಹಾಕಿ, ಹಿಂದಿನ ಬಲಗಡೆ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಂಚಿನ ಮೇಲೆ ಬೆರಳಾಡಿಸಿದ. ಬೆರಳುದ್ದದ ಗೀರು. ಗೆಳೆಯ ಫೋನ್ ತೆಗೆದು ಮೊದಲ ದಿನದ ವಿಡಿಯೊ ತೋರಿಸಿದ. ಆ ಗೀರು ಅವತ್ತೇ ಅಲ್ಲಿತ್ತು. ಅಡ್ವೈಸರ್ ತಲೆಯಾಡಿಸಿ ಎದ್ದ. ಒಳಗೆ ಹೋಗಿ ಗೆಳೆಯನ ಕಾರಿನ ಕೀ, ರಿಪೇರ್ ಆರ್ಡರ್, ಜೊತೆಗೆ ತೆಗೆದ ಹಳೆಯ ಪಂಪನ್ನೂ ತಂದು ಕೌಂಟರ್ ಮೇಲಿಟ್ಟ. ಗೆಳೆಯ ಅದನ್ನು ತಿರುಗಿಸಿ ಅಡಿ ನೋಡಿದ. ಎರಕದಲ್ಲೇ ಮೂಡಿದ್ದ ಅಕ್ಷರಗಳು ಕೂಲಂಟ್ ಕಲೆಯ ಕೆಳಗೂ ಚೆನ್ನಾಗಿ ಕಾಣುತ್ತಿದ್ದವು. ಹೊಸ ಕಾರಿನಲ್ಲಿ ಮೊದಲ ದಿನದಿಂದ ಇದ್ದ ಪಂಪ್ ಕೂಡ ಹಂಗೇರಿಯದ್ದೇ.